ಬರಿ, ಮನೆ, ವರ್ಗ: ಅಜೆಕಾರು ಸೀಮೆಯಲ್ಲಿ ಮೂಲ ಹುಡುಕುವವರಿಗೆ

ನಾಗರಪಂಚಮಿ ಹತ್ತಿರವಾಗುತ್ತಿದ್ದಂತೆ ಮುಂಬಯಿ, ಪುಣೆ, ದುಬಾಯಿಗಳಿಂದ ಅಜೆಕಾರು ಕಡೆಯ ಮನೆಗಳಿಗೆ ಫೋನು ಬರತೊಡಗುತ್ತದೆ. ನಮ್ಮ ಮೂಲ ನಾಗ ಎಲ್ಲಿ, ತನು (ನಾಗನಿಗೆ ಎರೆಯುವ ಹಾಲು, ಎಳನೀರು) ಹಾಕಬೇಕಾದದ್ದು ಯಾವ ಬನದಲ್ಲಿ, ಅಜ್ಜಿಯ ತಾಯಿ ಯಾವ ಮನೆಯಿಂದ ಬಂದವರು ಎಂಬ ವಿಚಾರಣೆಗಳು. ಮೂರು ತಲೆಮಾರಿನ ಹಿಂದೆ ಹೋಟೆಲು ಕೆಲಸಕ್ಕೆಂದು ಊರು ಬಿಟ್ಟವರ ಮೊಮ್ಮಕ್ಕಳು ಇವರು. ಕೆಲವರಿಗೆ ಮನೆಯಲ್ಲಿ ಕಾಣಿಸಿಕೊಂಡ ತೊಂದರೆಗೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದಾಗ ಮೂಲದ ಮಾತು ಎದ್ದಿದೆ, ಕೆಲವರಿಗೆ ಹಂಚಿಕೆಯಾಗದೆ ಉಳಿದ ಜಾಗದ ತಕರಾರು ಇದೆ. ಇನ್ನು ಕೆಲವರಿಗೆ ತಾವು ಯಾರು ಎಂದು ತಿಳಿಯಬೇಕೆಂಬ ಆಸೆಯಷ್ಟೇ. ಕಾರಣ ಯಾವುದೇ ಇರಲಿ, ಹುಡುಕಾಟ ಶುರುವಾದ ಸ್ವಲ್ಪ ದಿನಕ್ಕೆ ಎಲ್ಲರೂ ಒಂದೇ ತೊಡಕಿಗೆ ಬಂದು ಸಿಕ್ಕಿಕೊಳ್ಳುತ್ತಾರೆ. ಈ ನೆಲದಲ್ಲಿ ನೆನಪು ತಾಯಿಯ ಕಡೆಯಿಂದ ಹರಿದು ಬಂದಿದೆ, ಕಾಗದ ಮಾತ್ರ ಬಹುಪಾಲು ಯಜಮಾನನ ಮತ್ತು ತಂದೆಯ ಹೆಸರಿನಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಕಾರ್ಕಳ ತಾಲೂಕಿನ ಈ ಭಾಗವನ್ನು ಮುಂದಿಟ್ಟುಕೊಂಡು, ವಂಶದ ಬೇರು ಹುಡುಕಲು ನಮಗಿರುವ ಆಧಾರಗಳು ಯಾವುವು, ಪ್ರತಿಯೊಂದನ್ನೂ ಎಷ್ಟರ ಮಟ್ಟಿಗೆ ನಂಬಬಹುದು ಎಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಊರಿನ ಹೆಸರು. ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವಾಗ ಸಿಗುವ ಪೇಟೆಯನ್ನು ನಾವೆಲ್ಲ ಅಜೆಕಾರು ಎನ್ನುತ್ತೇವೆ, ಹೋಬಳಿಗೂ ಅದೇ ಹೆಸರು. ಆದರೆ ಜಾಗದ ಕಾಗದದಲ್ಲಿ ಸಿಗುವ ಗ್ರಾಮ ಮರ್ಣೆ. ಸುತ್ತಲಿನ ಹೆರ್ಮುಂಡೆ, ಕಡ್ತಲ, ಶಿರ್ಲಾಲು, ಕೆರ್ವಾಶೆ, ಹಿರ್ಗಾನಗಳಿಗೆ ಬೇರೆ ಬೇರೆ ಕಡತಗಳಿವೆ. ಮೇಲಿನ ಆಡಳಿತವೂ ಬದಲಾಗುತ್ತ ಬಂದಿದೆ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಇಂಗ್ಲಿಷರ ಕೈಗೆ ಹೋಯಿತು. 1860ರ ಸುಮಾರಿಗೆ ಜಿಲ್ಲೆ ಎರಡಾಗಿ ದಕ್ಷಿಣದ ಭಾಗ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, ಈಚೆಗೆ ಹೆಬ್ರಿಯೂ ಬೇರೆ ತಾಲೂಕಾಯಿತು. ಹಾಗಾಗಿ ಒಂದೇ ಮನೆಯ ಕಾಗದ ಕಾರ್ಕಳದ ತಾಲೂಕು ಕಚೇರಿಯಲ್ಲೂ ಮಂಗಳೂರಿನಲ್ಲೂ ಇರಬಹುದು, ಹಳೆಯ ಜಿಲ್ಲಾ ದಾಖಲೆಗಳಾದರೆ ಚೆನ್ನೈಯ ಪತ್ರಾಗಾರದಲ್ಲೂ ಇರಬಹುದು. ಅಜೆಕಾರು ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ಮರಳಿದವರು ಮರ್ಣೆ ಎಂದು ಕೇಳಿದ್ದರೆ ಸಿಗುತ್ತಿತ್ತು.

ಇನ್ನು ಬರಿಯ ವಿಷಯಕ್ಕೆ ಬರುತ್ತೇನೆ. ಬಂಟರು, ಬಿಲ್ಲವರು, ಮೊಗವೀರರು, ಈ ಕಡೆಯ ಜೈನರು, ಇನ್ನೂ ಹಲವು ಸಮುದಾಯಗಳಲ್ಲಿ ಮಗು ಸೇರುವುದು ತಾಯಿಯ ಬರಿಗೆ, ಅಂದರೆ ತಾಯಿಯ ಕಡೆಯ ಕುಲಕ್ಕೆ. ಬಂಗೇರ, ಸಾಲ್ಯಾನ್, ಕೋಟ್ಯಾನ್, ಸುವರ್ಣ, ಕುಂದರ್, ಅಮೀನ್ ಎಂದು ನಾವೀಗ ಅಡ್ಡಹೆಸರಾಗಿ ಬಳಸುವ ಎಷ್ಟೋ ಹೆಸರುಗಳು ಮೂಲದಲ್ಲಿ ಬರಿಗಳೇ. ಒಂದೇ ಬರಿಯವರು ಎಷ್ಟೇ ದೂರದ ಊರಿನವರಾದರೂ ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಕೂಡದು. ಕುಟುಂಬದ ಜ್ಞಾಪಕ ಉಳಿದಿರುವುದೇ ಈ ನಿಯಮದ ಬಲದಿಂದ. ಸಂಬಂಧ ಕೇಳಲು ಬಂದಾಗಲೆಲ್ಲ ಬರಿ ಕೇಳಲೇಬೇಕು, ಕೇಳಿದಾಗಲೆಲ್ಲ ತಾಯಿ, ತಾಯಿಯ ತಾಯಿ, ಅವಳ ಮನೆ ಎಂದು ಮೂರು ನಾಲ್ಕು ಮೆಟ್ಟಿಲು ಹಿಂದಕ್ಕೆ ಹೋಗಲೇಬೇಕು. ಮದುವೆಯಾಗದೆ ತೀರಿಹೋದವರಿಗೆ ಆಟಿ ತಿಂಗಳಲ್ಲಿ ಮಾಡುವ ಕುಲೆಗಳ ಮದುವೆಯಲ್ಲೂ ಎರಡು ಕಡೆಯ ಬರಿ ಬೇರೆ ಬೇರೆಯಾಗಿರಬೇಕೆನ್ನುತ್ತಾರೆ. ಎಂದೋ ಎಳವೆಯಲ್ಲಿ ಹೋದ ಮಗುವೊಂದರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲದೆ ಇಂಥ ಕಾರ್ಯವೊಂದರಿಂದಾಗಿ ಮನೆಯವರ ಬಾಯಲ್ಲಿ ಉಳಿದುಕೊಂಡಿರುವುದುಂಟು.

ಈಗ ಒಂದು ಕುಂದು ಸೇರಿಕೊಂಡಿದೆ. ಶಾಲೆ, ಪಾಸ್‌ಪೋರ್ಟು, ಆಧಾರ್ ಎಲ್ಲದರಲ್ಲೂ ಮಗುವಿಗೆ ತಂದೆಯ ಅಡ್ಡಹೆಸರು. ತಂದೆ ಕೋಟ್ಯಾನ್, ತಾಯಿ ಸಾಲ್ಯಾನ್ ಆಗಿದ್ದರೆ ಮಗು ಬರಿಯಲ್ಲಿ ಸಾಲ್ಯಾನ್, ಕಾಗದದಲ್ಲಿ ಕೋಟ್ಯಾನ್. ಮುಂದಿನ ತಲೆಮಾರಿಗೆ ಅದೇ ಹೆಸರು ಮತ್ತೆ ತಂದೆಯಿಂದ ಇಳಿದರೆ ಹೆಸರಿಗೂ ಬರಿಗೂ ಏನೇನೂ ಸಂಬಂಧ ಉಳಿಯುವುದಿಲ್ಲ. ನೂರು ವರ್ಷ ಬಿಟ್ಟು ಹುಡುಕುವವರು ಅಡ್ಡಹೆಸರನ್ನು ಬರಿಯೆಂದು ತಿಳಿದರೆ ಪೂರ್ತಿ ಬೇರೆಯೇ ಕುಟುಂಬದ ಅಂಗಳದಲ್ಲಿ ಹೋಗಿ ನಿಂತಿರುತ್ತಾರೆ. ಹಳೆಯ ದಸ್ತಾವೇಜುಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದ್ದವು. ಅವುಗಳಲ್ಲಿ ಗಂಡಸನ್ನು ಇಂಥ ಶೆಡ್ತಿಯ ಮಗ, ಇಂಥ ಹೆಂಗ್ಸುವಿನ ಮಗ ಎಂದು ತಾಯಿಯ ಹೆಸರಿನಿಂದಲೇ ಗುರುತಿಸಿದ್ದು ಸಿಗುತ್ತದೆ. ದೇಶದ ಬೇರೆ ಕಡೆ ವಂಶಾವಳಿ ಬರೆಯುವವರಿಗೆ ಹೆಣ್ಣುಮಕ್ಕಳ ಹೆಸರೇ ಸಿಗದೆ ಕಷ್ಟವಾಗುತ್ತದೆ. ನಮ್ಮಲ್ಲಿ ಐದಾರು ತಲೆ ಹಿಂದಿನ ಅಜ್ಜಿಯ ಹೆಸರು ಗೊತ್ತಿದ್ದು ಅವಳ ಗಂಡನ ಹೆಸರು ಗೊತ್ತಿಲ್ಲದಿರುವುದೇ ಹೆಚ್ಚು.

ಮನೆತನವೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿಯುವ ಈ ಅಳಿಯಕಟ್ಟಿನ ಹುಟ್ಟಿಗೆ ಭೂತಾಳ ಪಾಂಡ್ಯನ ಕಥೆ ಹೇಳುತ್ತಾರೆ. ಅವನ ಮಾವನ ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಕೇಳಿತು, ಮಾವನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ, ಮಾವನ ತಂಗಿ ಒಪ್ಪಿದಳು, ಅಲ್ಲಿಂದ ಆಸ್ತಿ ಅಳಿಯನಿಗೆ ಎಂದಾಯಿತು ಎಂಬುದು ಕಥೆಯ ಸಾರ. ಕಟ್ಟಿನ ಚರಿತ್ರೆಯಾಗಿ ಇದನ್ನು ನಾನು ಓದುವುದಿಲ್ಲ. ಆದರೆ ಇಡೀ ನಾಡು ತನ್ನ ಬಾಂಧವ್ಯದ ನಿಯಮವನ್ನು ತಂಗಿಯೊಬ್ಬಳ ಒಪ್ಪಿಗೆಯ ಮೇಲೆ ನಿಲ್ಲಿಸಿಕೊಂಡಿತು ಎಂಬುದನ್ನು ಮರೆಯಬಾರದು. ಕಲ್ಲಿನ ಮೇಲಿನ ಸಾಕ್ಷ್ಯ ಬೇಕಾದರೆ ಕಾರ್ಕಳಕ್ಕೇ ಹೋಗಬಹುದು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಅಲ್ಲಿನ ಶಾಸನದಲ್ಲಿ ಭೈರವನ ಮಗ. 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸ ತನ್ನ ಶಾಸನದಲ್ಲಿ ಹಿಂದಿನ ಭೈರರಸನ ಸೋದರಳಿಯ, ತಾಯಿ ಗುಮ್ಮಟಾಂಬೆ. ಅರಸು ಮನೆತನವೂ ತನ್ನನ್ನು ಒಮ್ಮೆ ತಂದೆಯಿಂದ, ಒಮ್ಮೆ ಮಾವನಿಂದ ಗುರುತಿಸಿಕೊಂಡಿದೆ. ಅದೇ ಮನೆತನ ತನ್ನ ಆದಿಯನ್ನು ಪೊಂಬುಚ್ಚದ ಜಿನದತ್ತನವರೆಗೆ ಒಯ್ಯುತ್ತದೆ. ಮೇಲುತುದಿಯಲ್ಲಿ ಪುರಾಣಪುರುಷ, ಕೆಳತುದಿಯಲ್ಲಿ ದಿನಾಂಕವಿರುವ ಶಾಸನ, ನಡುವೆ ದೊಡ್ಡ ಬಯಲು. ನಮ್ಮ ಸಾಮಾನ್ಯ ಮನೆಗಳ ವಂಶಕಥೆಯ ಆಕಾರವೂ ಇದೇ.

ಬರಿ ಯಾರೆಂದು ಹೇಳಿದರೆ ಎಲ್ಲಿಯವರೆಂದು ಹೇಳುವುದು ಮನೆ ಮತ್ತು ನಾಗಬನ. ಕುಟುಂಬದ ಮನೆ, ತರವಾಡು ಮನೆ, ಗುತ್ತು, ಬೀಡು, ಬಾಳಿಕೆ ಎಂದು ಅಂತಸ್ತಿಗೆ ತಕ್ಕ ಹೆಸರುಗಳಿವೆ. ಮನೆ ಬಿದ್ದು ಹೋದರೂ ಪಂಚಾಂಗ (ತಳಪಾಯ) ಉಳಿದಿರುತ್ತದೆ, ಪಂಚಾಂಗವೂ ಅಳಿದ ಕಡೆ ದೈವದ ಚಾವಡಿಯೋ ಮುರಕಲ್ಲಿನ ಕಟ್ಟೆಯೋ ಬನದ ಮರಗಳೋ ಉಳಿದಿರುತ್ತವೆ. ನಾಗನನ್ನು ಸುಲಭಕ್ಕೆ ಯಾರೂ ಕದಲಿಸುವುದಿಲ್ಲ. ಭೂಮಿ ಕೈ ಬದಲಾಯಿಸಿದರೂ ಬನದ ಒಂದೆರಡು ಸೆಂಟ್ಸನ್ನು ಬಿಟ್ಟುಕೊಟ್ಟೇ ಕ್ರಯಪತ್ರ ಮಾಡಿದ ಉದಾಹರಣೆಗಳಿವೆ. ಇದರಿಂದಾಗಿ ಮೂಲ ನಾಗಬನ ಎಂಬುದು ಕುಟುಂಬವೊಂದು ಕವಲೊಡೆಯುವ ಮೊದಲು ಎಲ್ಲಿತ್ತು ಎನ್ನುವುದಕ್ಕೆ ಸಾಕಷ್ಟು ಗಟ್ಟಿಯಾದ ಗುರುತು. ಪಂಚಮಿಯ ದಿನ ಒಂದೇ ಬನಕ್ಕೆ ತನು ಹಾಕಲು ಯಾವ ಯಾವ ಮನೆಯವರು ಬರುತ್ತಾರೆಂದು ಪಟ್ಟಿ ಮಾಡಿದರೆ ಬಹಳ ಸಲ ಅದೇ ಅರ್ಧ ವಂಶವೃಕ್ಷ.

ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡುಬಂದ ಮೂಲದ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪ್ರಶ್ನೆ ಕುಟುಂಬದವರನ್ನು ಒಟ್ಟುಗೂಡಿಸುತ್ತದೆ, ಬಿಟ್ಟುಹೋದ ಕಾರ್ಯವನ್ನು ನೆನಪಿಸುತ್ತದೆ, ಮಾತು ಬಿಟ್ಟಿದ್ದ ದಾಯಾದಿಗಳನ್ನು ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ಇದೆಲ್ಲ ನಿಜವಾದ ಉಪಕಾರ. ಆದರೆ ಅಲ್ಲಿ ಹೇಳಿದ್ದನ್ನು ದಾಖಲೆಯಂತೆ ವಂಶಾವಳಿಯಲ್ಲಿ ಬರೆದುಕೊಳ್ಳಬಾರದು. ಬೇರೆ ಬಣ್ಣದ ಶಾಯಿಯಲ್ಲಿ, ಪ್ರಶ್ನೆಯಲ್ಲಿ ಬಂದದ್ದು ಎಂದು ವರ್ಷ ಸಹಿತ ನಮೂದಿಸಿದರೆ ಮುಂದಿನವರಿಗೆ ಗೊಂದಲವಾಗುವುದಿಲ್ಲ.

ಬಾಯಿಮಾತಿನ ಪರಂಪರೆಯಲ್ಲಿ ದೈವಗಳ ಕಥೆ ಹಾಡುವ ಪಾಡ್ದನಕ್ಕೆ ವಿಶೇಷ ಸ್ಥಾನವಿದೆ. ಅದನ್ನು ಹೇಳುವಾಗ ದೈವ ಎಲ್ಲಿಂದ ಹೊರಟು ಯಾವ ಘಟ್ಟ ಇಳಿದು ಯಾವ ಬೀಡಿಗೆ, ಯಾರ ಬೆನ್ನು ಹಿಡಿದು ಬಂತು ಎಂಬ ದಾರಿ ಬರುತ್ತದೆ. ಮದುವೆಯಾಗಿ ಬಂದ ಹೆಣ್ಣಿನ ಜತೆಗೆ, ಖರೀದಿಸಿ ತಂದ ಕೋಣದ ಜತೆಗೆ, ಎಣ್ಣೆಯ ಗಾಣದ ಜತೆಗೆ ಬಂದ ದೈವಗಳ ಕಥೆಗಳಿವೆ. ಇವನ್ನು ಚರಿತ್ರೆಯೆಂದು ಅಕ್ಷರಶಃ ಒಪ್ಪುವಂತಿಲ್ಲ. ಆದರೂ ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತರುವ, ದನಕರು ವ್ಯಾಪಾರದ ಸಂಬಂಧವಿತ್ತು ಎಂಬುದಕ್ಕೆ ಇವು ಸುಳಿವು. ಕೋಲದ ದಿನ ದೈವ ಮನೆಗಳನ್ನು ಯಾವ ಕ್ರಮದಲ್ಲಿ ಹೆಸರು ಹಿಡಿದು ಕರೆದು ಬೂಳ್ಯ (ಪ್ರಸಾದ) ಕೊಡುತ್ತದೆಂಬುದನ್ನು ಗಮನಿಸಬೇಕು. ಆ ಕ್ರಮದ ಬಗ್ಗೆ ಕೋರ್ಟಿಗೆ ಹೋದವರಿದ್ದಾರೆ, ಅಂಥ ವ್ಯಾಜ್ಯದ ಕಡತದಲ್ಲಿ ಮನೆತನದ ಚರಿತ್ರೆ ಸೊಗಸಾಗಿ ದಾಖಲಾಗಿರುತ್ತದೆ.

ಸಿರಿಯ ಪಾಡ್ದನವನ್ನು ನಾನು ವಂಶದ ಪ್ರಶ್ನೆಯ ಮಹಾಕಥನವೆಂದೇ ತಿಳಿಯುತ್ತೇನೆ. ಸತ್ಯನಾಪುರದ ವೃದ್ಧ ಆಳ್ವನಿಗೆ ಸಂತಾನವಿಲ್ಲ, ದೈವ ಬೆರ್ಮರ ಕೃಪೆಯಿಂದ ಸಿರಿ ಹುಟ್ಟುತ್ತಾಳೆ. ಬಸರೂರಿನ ಕಾಂತು ಪೂಂಜನನ್ನು ಮದುವೆಯಾಗಿ, ಅವನ ಅನ್ಯಾಯ ಸಹಿಸದೆ ಬಿಟ್ಟು ಬರುತ್ತಾಳೆ. ಆಳ್ವನ ಅರಮನೆಯ ಹಕ್ಕು ಯಾರದು ಎಂಬುದು ಕಥೆಯ ನಡುಭಾಗದ ಜಗಳ. ಮುಂದೆ ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿಗಳು ಅಬ್ಬಗ ದಾರಗ ಎಂದು ಕಥೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಮಾಚಾರು ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜತೆಗೂಡಿ 1998ರಲ್ಲಿ ಪ್ರಕಟಿಸಿದರು, ಅದು 15,683 ಸಾಲುಗಳಷ್ಟಿದೆ. ಅಜೆಕಾರಿಗೆ ದೂರವೇನಲ್ಲದ ಹಿರಿಯಡ್ಕದ ಸಿರಿಜಾತ್ರೆಯಲ್ಲಿ ಆವೇಶ ಬಂದ ಹೆಂಗಸರನ್ನು ಸಿರಿಯ ಮಗ ಕುಮಾರನ ಪಾತ್ರಿಯು ನೀನು ಯಾರು ಎಂದು ವಿಚಾರಿಸುತ್ತಾನೆ, ಅವರು ಸಿರಿಕುಲದಲ್ಲಿ ತಮ್ಮ ಸ್ಥಾನ ಹೇಳಿಕೊಳ್ಳುತ್ತಾರೆ. ಓದುಬರಹ ಬಾರದ ಹೆಣ್ಣುಮಕ್ಕಳು ಪೀಳಿಗೆಯ ಲೆಕ್ಕವನ್ನು ಇಷ್ಟು ಸ್ಪಷ್ಟವಾಗಿ ಕಾಪಾಡಿಕೊಂಡು ಬಂದಿರುವುದು ಸಣ್ಣ ಸಂಗತಿಯಲ್ಲ.

ಕಾಗದದ ಕಡೆಗೆ ಹೋಗೋಣ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಭೂದಾಖಲೆಯ ಜೀವಾಳ ವರ್ಗ. ಒಬ್ಬ ವರ್ಗದಾರನ ಹೆಸರಿನಲ್ಲಿ ತೀರ್ವೆಗೆ ಒಳಪಟ್ಟ ಗದ್ದೆ ತೋಟಗಳ ಗುಂಪು ಅದು, ಅದಕ್ಕೆ ಹೊಂದಿಕೊಂಡು ವರ್ಗದಾರ ಸೊಪ್ಪು, ಸೌದೆಗೆ ಬಳಸುವ ಸರಕಾರಿ ಜಾಗ ಕುಮ್ಕಿ. 1799ರಲ್ಲಿ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಶಾನುಭೋಗರ ಹಳೆಯ ಲೆಕ್ಕಗಳನ್ನು ಕಂಡು ಬೆರಗಾಗಿದ್ದ. 19ನೇ ಶತಮಾನದ ಕೊನೆಯ ದಶಕದಲ್ಲಿ ಸರ್ವೆ ನಡೆದು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸೆಟ್ಲ್‌ಮೆಂಟು ಜಾರಿಯಾದಾಗ ಪ್ರತಿ ಸರ್ವೆ ನಂಬ್ರಕ್ಕೂ ಹಿಡುವಳಿದಾರನ ಹೆಸರು ಬಂತು. ಅಡಂಗಲ್, ವರ್ಗದ ಪಟ್ಟೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಸೂಚಿಗಳು ಇವನ್ನು ಒಟ್ಟಿಗಿಟ್ಟು ನೋಡಿದರೆ ಮನೆಯೊಂದರ ನೂರು ವರ್ಷದ ಏಳುಬೀಳು ಕಣ್ಣಿಗೆ ಕಟ್ಟುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಗುತ್ತಿನ ಮನೆಗಳಲ್ಲಿ ಗಡಿ ಹಿಡಿದವನಿಗೆ, ಅಂದರೆ ಯಜಮಾನಿಕೆಗೆ ಏರಿದವನಿಗೆ, ಮನೆತನದ ನಿಶ್ಚಿತ ಹೆಸರು ಬರುವ ಪದ್ಧತಿಯಿದೆ. ಮೂಲ್ಕಿ ಸೀಮೆಯ ಅರಸರಲ್ಲಿ ದುಗ್ಗಣ್ಣ ಸಾವಂತ ಎಂಬ ಹೆಸರು ಮತ್ತೆ ಮತ್ತೆ ಬರುವುದು ಹೀಗೆ. 1880ರ ಗೇಣಿಚೀಟಿನಲ್ಲೂ 1930ರ ಗೇಣಿಚೀಟಿನಲ್ಲೂ ಒಂದೇ ಹೆಸರು ಕಂಡರೆ ಅದು ಒಬ್ಬನೇ ದೀರ್ಘಾಯುಷಿ ಎಂದಾಗಲಿ, ಅಜ್ಜ ಮೊಮ್ಮಗ ಎಂದಾಗಲಿ ತಿಳಿಯಬಾರದು. ಮಾವ ಮತ್ತು ಅಳಿಯ ಆಗಿರುವ ಸಂಭವವೇ ಹೆಚ್ಚು. ವರ್ಗ ಯಜಮಾನನ ಹೆಸರಿನಲ್ಲಿದ್ದರೂ ಆಸ್ತಿ ಅವನದಲ್ಲ, ಇಡೀ ಕುಟುಂಬದ್ದು. ಅವನ ಹೆಂಡತಿ ಮಕ್ಕಳು ಬೇರೆಯೇ ಕುಟುಂಬಕ್ಕೆ ಸೇರಿದವರು. ಪಟ್ಟೆಯಲ್ಲಿ ಹೆಸರಿರುವ ಅಜ್ಜನ ನೇರ ಮೊಮ್ಮಗನೆಂದು ಜಾಗಕ್ಕೆ ಹಕ್ಕು ಸಾಧಿಸಲು ಹೊರಟವರಿಗೆ ಈ ಸತ್ಯ ಕೋರ್ಟಿನಲ್ಲಿ ಗೊತ್ತಾಗುತ್ತದೆ.

ಕೋರ್ಟು ಎಂದಾಗ ಅಳಿಯಸಂತಾನದ, ಅಂದರೆ ಅಳಿಯಕಟ್ಟಿನ, ಪಾಲು ವ್ಯಾಜ್ಯಗಳನ್ನು ಹೇಳಲೇಬೇಕು. ಒಬ್ಬ ಸದಸ್ಯ ಕೇಳಿದ ಮಾತ್ರಕ್ಕೆ ಕುಟುಂಬದ ಆಸ್ತಿ ಪಾಲಾಗದು ಎಂದು ಮದ್ರಾಸ್ ಹೈಕೋರ್ಟು 1860ರ ದಶಕದಲ್ಲಿಯೇ ಹೇಳಿತ್ತು. ಹಾಗಾಗಿ ನೂರಾರು ಸದಸ್ಯರಿರುವ ಕುಟುಂಬಗಳು ಕಾಗದದ ಮೇಲೆ ಒಂದಾಗಿಯೇ ಉಳಿದವು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲಿಗೆ ಬಾಗಿಲು ತೆರೆಯಿತು. ಪಾಲು ಕವರುಗಳ ಲೆಕ್ಕದಲ್ಲಿ, ಅಂದರೆ ಒಬ್ಬ ತಾಯಿಯಿಂದ ಹೆಣ್ಣು ಸಂತತಿಯ ಮೂಲಕ ಇಳಿದವರ ಕವಲುಗಳ ಲೆಕ್ಕದಲ್ಲಿ. ಹೆಣ್ಣು ಸಂತತಿ ಮುಂದುವರಿಯುವ ಸಾಧ್ಯತೆ ಇರುವುದು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು. ಎರಡಕ್ಕೂ ಹಕ್ಕು ಬೇರೆ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನಷ್ಟು ಬದಲಾವಣೆ ತಂದಿತು. ಈ ಲೆಕ್ಕ ತೀರ್ಮಾನವಾಗಬೇಕಾದರೆ ಮೂಲಸ್ತ್ರೀಯಿಂದ ಹಿಡಿದು ತೊಟ್ಟಿಲಿನ ಕೂಸಿನವರೆಗೆ ಎಲ್ಲರ ಹೆಸರು ಬರೆದ ವಂಶಾವಳಿ ದಾವೆಯ ಜತೆ ಹಾಜರಾಗಬೇಕು. ಎದುರು ಕಕ್ಷಿಯವರು ಅದನ್ನು ಒಂದೊಂದೇ ಹೆಸರಿಗೆ ಪ್ರಶ್ನಿಸಬೇಕು, ಮುದುಕಿಯರು ಸಾಕ್ಷಿ ಹೇಳಬೇಕು. ಸ್ನೇಹದಿಂದ ಬರೆದ ವಂಶಾವಳಿಗಿಂತ ಜಗಳದಲ್ಲಿ ಬರೆದ ವಂಶಾವಳಿಯನ್ನು ನಾನು ಹೆಚ್ಚು ನಂಬುತ್ತೇನೆ, ಅದರ ಪ್ರತಿ ಕೊಂಡಿಯನ್ನೂ ಯಾರೋ ಒಬ್ಬರು ಎಳೆದು ನೋಡಿರುತ್ತಾರೆ. ಹೆಣ್ಣು ಸಂತತಿ ನಿಂತುಹೋಗುವ ಭಯಕ್ಕೆ ಹೆಣ್ಣುಮಗಳನ್ನೇ ಸ್ವೀಕಾರ ಮಾಡಿಕೊಂಡ ಸಂಗತಿಯೂ ಇಂಥ ಕಡತಗಳಲ್ಲಿ ಹೊರಬರುತ್ತದೆ. ಮನೆಯ ಕಥೆಯಲ್ಲಿ ಅದು ಎಂದೋ ಅಳಿಸಿಹೋಗಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಭೂಮಿ ಇದ್ದವರ ಕಾಗದ. ಒಕ್ಕಲಿನವರದು? ಅವರು ಹಿಡಿದದ್ದು ಹೆಚ್ಚಾಗಿ ಚಾಲಗೇಣಿ. ಅದು ವರ್ಷದಿಂದ ವರ್ಷಕ್ಕೆ ನವೀಕರಿಸುವ ಗೇಣಿ, ಮೂಲಗೇಣಿಯಂತೆ ಶಾಶ್ವತವಲ್ಲ. ಬರೆಸಿದ ಚೀಟು ಇದ್ದರೆ ಅದರಲ್ಲಿ ಜಾಗದ ಚೆಕ್ಕುಬಂದಿ, ಎಷ್ಟು ಮುಡಿ ಅಕ್ಕಿ, ಅದರ ಮೇಲೆ ಎಷ್ಟು ತೆಂಗಿನಕಾಯಿ, ಬಾಳೆಗೊನೆ ಎಂಬ ವಿವರ, ಕೊನೆಗೆ ಒಕ್ಕಲಿನವನ ಹೆಬ್ಬೆಟ್ಟು, ಸಾಕ್ಷಿಗಳ ರುಜು. ಸಾಕ್ಷಿ ಹಾಕಿದವರು ಹೆಚ್ಚಾಗಿ ನೆಂಟರೇ ಆಗಿರುವುದರಿಂದ ಆ ಸಾಲನ್ನು ಬಿಡದೆ ಓದಬೇಕು. ಆದರೆ ಹೆಚ್ಚಿನವರ ಗೇಣಿ ಬಾಯಿಮಾತಿನಲ್ಲೇ ನಡೆಯಿತು. ಅವರ ಚರಿತ್ರೆ ಕಾಗದಕ್ಕೆ ಇಳಿದದ್ದು 1974ರಲ್ಲಿ. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನು ಹಕ್ಕುದಾರನಾಗಲು ಫಾರಂ 7ರಲ್ಲಿ ಅರ್ಜಿ ಹಾಕಬೇಕಾಯಿತು. ಕೊನೆಯ ದಿನ ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ನಮ್ಮ ಕಡೆ ಇಂದಿಗೂ ಅದು ಡಿಕ್ಲರೇಶನ್, ಹಾಗೆ ದಕ್ಕಿದ್ದು ಡಿಕ್ಲರೇಶನ್ ಜಾಗ.

ಆ ಕಡತವನ್ನು ಹತ್ತಿರದಿಂದ ನೋಡಬೇಕು. ಮೇಲೆ ಅರ್ಜಿದಾರನ ಹೆಸರು, ತಂದೆಯ ಅಥವಾ ತಾಯಿಯ ಹೆಸರು, ಗ್ರಾಮ, ಸರ್ವೆ ನಂಬ್ರ, ವಿಸ್ತೀರ್ಣ. ಒಳಗೆ ಭೂನ್ಯಾಯ ಮಂಡಳಿಯ ಮುಂದೆ ಅವನು ಕೊಟ್ಟ ಹೇಳಿಕೆ: ಈ ಗದ್ದೆ ನನ್ನ ಅಜ್ಜಿಯ ಕಾಲದಿಂದ ನಮ್ಮ ಕೈಯಲ್ಲಿದೆ, ಮಾವ ತೀರಿದ ಮೇಲೆ ನಾನು ಬೇಸಾಯ ಮಾಡುತ್ತಿದ್ದೇನೆ ಎಂಬಂಥ ಮಾತುಗಳು. ಧಣಿಗಳ ಹೇಳಿಕೆ, ನೆರೆಕರೆಯವರ ಸಾಕ್ಷ್ಯ, ಗೇಣಿ ಸಂದ ರಶೀದಿಗಳು ಜತೆಗಿರುತ್ತವೆ. ಎಷ್ಟೋ ಕುಟುಂಬಗಳ ಪೂರ್ವಜರು ಮೊದಲ ಸಲ ತಮ್ಮ ಬಾಯಿಂದ ತಮ್ಮ ಕಥೆ ಹೇಳಿ ಅದು ಸರಕಾರದ ಕಾಗದದಲ್ಲಿ ದಾಖಲಾದದ್ದು ಇಲ್ಲಿ. ಭೂಸುಧಾರಣೆಯ ಆರ್ಥಿಕ ಫಲದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಒಕ್ಕಲು ಮನೆಗಳಿಗೆ ಅದು ಚರಿತ್ರೆಯನ್ನೂ ಕೊಟ್ಟಿತು ಎಂಬುದನ್ನು ಯಾರೂ ಅಷ್ಟಾಗಿ ಹೇಳಿಲ್ಲ. ಊರಿನ ಇಂಥ ಕಡತಗಳನ್ನೆಲ್ಲ ಓದಿ ಮನೆಮನೆಯ ಕಥೆ ಬರೆಯುವ ಕೆಲಸ ಕಾರ್ಕಳ, ಉಡುಪಿಯ ಕಾಲೇಜು ವಿದ್ಯಾರ್ಥಿಗಳಿಂದ ಆಗಬೇಕು.

ಹೆಸರುಗಳು ತರುವ ಕಷ್ಟ ಬೇರೆ. ಹಿಂದೆ ಹುಟ್ಟಿದ ವಾರವನ್ನೇ ಹೆಸರಾಗಿಡುತ್ತಿದ್ದರು. ಭಾನುವಾರ ಹುಟ್ಟಿದವ ಐತ, ಮುಂದೆ ಸೋಮ, ಅಂಗಾರ, ಬೂದ, ಗುರುವ, ತುಕ್ರ, ಶನಿವಾರದವ ಚನಿಯ. ಹೆಣ್ಣಾದರೆ ತುಕ್ರು, ಚನಿಯಾರು. ಬಡ ಮನೆಗಳಲ್ಲಿ ಇದು ತೀರಾ ಸಾಮಾನ್ಯವಾಗಿತ್ತು. ಒಂದು ಗ್ರಾಮದ ಕಡತದಲ್ಲಿ ಹತ್ತು ತುಕ್ರರಿದ್ದರೆ ನಮ್ಮ ತುಕ್ರನನ್ನು ಮನೆಯ ಹೆಸರಿನಿಂದ ಮಾತ್ರ ಗುರುತಿಸಬಹುದು. ಶಾಲೆಗಳು ಬಂದ ಮೇಲೆ ತುಕ್ರನ ಮಗ ಸುಂದರನಾದ, ಚನಿಯನ ಮಗಳು ಶಾರದೆಯಾದಳು. ಮುಂಬಯಿಗೆ ಹೋದವರು ಅಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡರು. ಹುಟ್ಟಿದ ತಾರೀಕಂತೂ ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಜನನ ಮರಣ ನೋಂದಣಿಗೆ ಮದ್ರಾಸ್ ಪ್ರಾಂತ್ಯದಲ್ಲಿ 1899ರ ಕಾಯಿದೆಯೇ ಇತ್ತು, ಆದರೆ ಪಟೇಲರ ಪುಸ್ತಕಕ್ಕೆ ಸುದ್ದಿ ಮುಟ್ಟಿಸುವವರು ಕಡಿಮೆ ಇದ್ದರು. ಜನಗಣತಿಯ ಹಾಳೆಗಳಿಂದ ಇಂಗ್ಲೆಂಡಿನವರಿಗೆ ಸಿಗುವ ಸಹಾಯ ನಮಗೆ ಸಿಗುವುದಿಲ್ಲ. ನಮ್ಮಲ್ಲಿ ಲೆಕ್ಕ ಉಳಿಸಿದರು, ಹೆಸರು ಬರೆದ ಹಾಳೆ ಉಳಿಸಲಿಲ್ಲ.

ಇತರ ಸಮುದಾಯಗಳ ದಾರಿ ಸ್ವಲ್ಪ ಭಿನ್ನ. ಕೆಥೊಲಿಕರಿಗೆ ಚರ್ಚಿನ ರಿಜಿಸ್ಟರುಗಳಿವೆ: ಜ್ಞಾನಸ್ನಾನ, ಮದುವೆ, ಮರಣ ಮೂರೂ ದಿನಾಂಕ ಸಹಿತ, ಜ್ಞಾನ ತಂದೆತಾಯಿಯರ ಹೆಸರು ಸಹಿತ. ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವ ಕ್ರಮ ತಿಳಿದಿದ್ದರೆ ಇನ್ನೂ ಒಂದು ಮೆಟ್ಟಿಲು ಊಹಿಸಬಹುದು. ಆದರೆ 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದಾಗ ಚರ್ಚುಗಳ ಜತೆ ದಾಖಲೆಯೂ ಹೋಯಿತು. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಚರ್ಚು 1759ರಲ್ಲಿ ಆರಂಭವಾದದ್ದು, ಸೆರೆಯಿಂದ ಮರಳಿದವರು 1801ರಲ್ಲಿ ಅದನ್ನು ಮತ್ತೆ ಕಟ್ಟಿಕೊಂಡರು. ಹಾಗಾಗಿ ಈ ಸೀಮೆಯ ಕ್ರೈಸ್ತ ಮನೆಗಳಿಗೆ ಕಾಗದದ ಚರಿತ್ರೆ ಸುಮಾರಾಗಿ 19ನೇ ಶತಮಾನದಿಂದ. ಈಗಿನ ಚರ್ಚಿನಲ್ಲಿ ಸಿಗದ್ದನ್ನು ಅದು ಬೇರ್ಪಡುವ ಮುಂಚೆ ಊರು ಸೇರಿದ್ದ ಹಳೆಯ ಚರ್ಚಿನಲ್ಲಿ ಕೇಳಬೇಕು. ಮಂಗಳೂರಿನ ಮೈಕೆಲ್ ಲೋಬೊ ಅವರು 1990ರ ದಶಕದಿಂದ ಸಾವಿರಕ್ಕೂ ಮಿಕ್ಕಿ ಮಂಗಳೂರು ಕೆಥೊಲಿಕ ಕುಟುಂಬಗಳ ವಂಶಾವಳಿ ಕಲೆಹಾಕಿರುವುದು ಒಬ್ಬನೇ ಮನುಷ್ಯನ ಶ್ರದ್ಧೆಯಿಂದ ಏನಾಗಬಹುದು ಎಂಬುದಕ್ಕೆ ಸಾಕ್ಷಿ. ಬಂಟರಿಗೂ ಬಿಲ್ಲವರಿಗೂ ಇಂಥದೊಂದು ಇಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಗೌಡ ಸಾರಸ್ವತರಿಗೆ ಗೋತ್ರದ ಜತೆಗೆ ಗೋವೆಯ ಕುಲದೇವರು ದಾರಿ ತೋರಿಸುತ್ತಾರೆ. ಮಂಗೇಶಿಯೋ ಮಹಾಲಸೆಯೋ ಶಾಂತಾದುರ್ಗೆಯೋ ಎಂದು ತಿಳಿದರೆ ಪೋರ್ಚುಗೀಸರ ಕಾಲದಲ್ಲಿ ಬಿಟ್ಟು ಬಂದ ಊರಿನ ಆಸುಪಾಸು ಗೊತ್ತಾಗುತ್ತದೆ. ಶಿವಳ್ಳಿಯವರಿಗೆ ಗೋತ್ರ, ಪ್ರವರ, ಉಪನಾಮ, ಮತ್ತೆ ಬ್ರಾಹ್ಮಣರ ಮೂವತ್ತೆರಡು ಗ್ರಾಮಗಳ ಕಥೆ ಹೇಳುವ ಗ್ರಾಮಪದ್ಧತಿ. ಶ್ರಾದ್ಧದಲ್ಲಿ ಮೂರು ತಲೆಯ ಹೆಸರು ಹೇಳಬೇಕಾದ್ದರಿಂದ ಅಷ್ಟು ಖಾತ್ರಿ, ಅದರಾಚೆ ಮಸುಕು. ಮುಸ್ಲಿಮರಲ್ಲಿ ಮಸೀದಿಯ ನಿಕಾಹ್ ಪುಸ್ತಕಗಳಿವೆ. ಘಟ್ಟದ ಮೇಲೆ ಮತ್ತು ಬಯಲುಸೀಮೆಯಲ್ಲಿ ಹೆಳವರು ಎತ್ತಿನ ಮೇಲೆ ಮನೆಮನೆಗೆ ಬಂದು ವಂಶ ಹೊಗಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಿದ್ದರು. ಹರಿದ್ವಾರದ ಪಂಡಾಗಳ ವಹಿಗಳೂ ಅಂಥವೇ. ತುಳುನಾಡಿನಲ್ಲಿ ಹೆಳವರಿಲ್ಲ. ಇಲ್ಲಿ ಆ ಕೆಲಸ ಮನೆಯ ಹಿರಿಯ ಹೆಂಗಸರ ಪಾಲಿಗೆ ಬಂದಿದೆ.

ಕಾಗದವೂ ಇಲ್ಲದ, ಮನೆತನದ ಮರ್ಯಾದೆಯೂ ಇಲ್ಲದ ಜನರ ಮಾತು ಬಂದಾಗ ಮನಸ್ಸು ಭಾರವಾಗುತ್ತದೆ. ವರ್ಗದ ಜತೆಗೆ ಮೂಲದಾಳುಗಳೆಂದು ತಲೆಮಾರುಗಟ್ಟಲೆ ದುಡಿದವರ ಹೆಸರು ಧಣಿಯ ಲೆಕ್ಕದಲ್ಲಿ ಬಂದರೂ ಎತ್ತು, ಕೋಣಗಳ ಸಾಲಿನ ಆಚೀಚೆ ಬಂದಿರುತ್ತದೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದ ಕಾಯಿದೆ 1843ರದ್ದು. ಕೊರಗ ಸಮುದಾಯದವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದವರೆಗೆ ಕಾಯಬೇಕಾಯಿತು. ಇವರ ಪೂರ್ವಜರನ್ನು ಹುಡುಕಲು ಹೋದರೆ ಧಣಿಯ ಮನೆಯ ಹೆಸರೇ ಆಧಾರವಾಗುವ ಸ್ಥಿತಿ ಇದೆ. ಗುತ್ತಿನ ಮನೆಗಳು ತಮ್ಮ ಬ್ರಹ್ಮಕಲಶಕ್ಕೆ ಹೊರತರುವ ಕುಟುಂಬ ಪುಸ್ತಕಗಳಲ್ಲಿ ಈ ಜನರ ಹೆಸರಿಗೂ ನಾಲ್ಕು ಪುಟ ಇರಬೇಕೆಂದು ನನ್ನ ಒತ್ತಾಯ. ಹಳೆಯ ಲೆಕ್ಕದ ಪುಸ್ತಕ ಇರುವುದು ಆ ಗುತ್ತಿನ ಮನೆಗಳ ಪೆಟ್ಟಿಗೆಯಲ್ಲಿ.

ವಂಶವಾಹಿ ಪರೀಕ್ಷೆಯಿಂದ ಎಲ್ಲ ತಿಳಿಯುತ್ತದೆಂಬ ಭರವಸೆ ಈಚಿನದು. ಮೈಟೋಕಾಂಡ್ರಿಯದ ಡಿಎನ್ಎ ತಾಯಿಯಿಂದ ಮಾತ್ರ ಇಳಿಯುತ್ತದೆ, ಬರಿಯೂ ಹಾಗೆಯೇ. ಹಾಗೆಂದು ಒಂದೇ ಬರಿಯವರೆಲ್ಲ ಒಬ್ಬಳೇ ತಾಯಿಯ ಮಕ್ಕಳೆಂದು ಪರೀಕ್ಷೆ ತೋರಿಸಬೇಕಿಲ್ಲ. ಸ್ವೀಕಾರದಿಂದ ಬಂದವರಿದ್ದಾರೆ, ಒಂದೇ ಹೆಸರಿನ ಬರಿಗಳು ಹಲವು ಜಾತಿಗಳಲ್ಲಿವೆ. ಸಮುದಾಯದ ಮಟ್ಟದಲ್ಲಿ ಇಂಥ ಅಧ್ಯಯನಗಳಿಂದ ಉಪಯೋಗವಾಗಿದೆ. ಗೋವೆ, ಕುಮಟಾ, ಮಂಗಳೂರಿನ ಕೆಥೊಲಿಕರ ಬಗ್ಗೆ 2021ರಲ್ಲಿ ಬಂದ ಅಧ್ಯಯನ ಸಾರಸ್ವತರ ಜತೆಗಿನ ಅವರ ನಂಟಿನ ಮನೆಮಾತನ್ನು ಬೆಂಬಲಿಸಿತು. ಕೊರಗರಲ್ಲಿ ಸುಮಾರು 4,400 ವರ್ಷ ಹಳೆಯ ವಿಶಿಷ್ಟ ಮೂಲವೊಂದನ್ನು ಮಂಗಳೂರಿನ ಸಂಶೋಧಕರ ತಂಡ ಈಚೆಗೆ ಗುರುತಿಸಿದೆ. ದಾಖಲೆಯೇ ಇಲ್ಲದವರ ಮೂಲ ಇಷ್ಟು ಹಿಂದಕ್ಕೆ ಹೋಗಿರುವುದು ಯೋಚಿಸಬೇಕಾದ ವಿಷಯ. ಆದರೆ ನಿಮ್ಮ ಅಜ್ಜಿ ಕೆರ್ವಾಶೆಯ ಯಾವ ಮನೆಯಲ್ಲಿ ಹುಟ್ಟಿದ್ದರು ಎಂಬುದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ.

ಹಾಗಾದರೆ ಎಷ್ಟು ಹಿಂದಕ್ಕೆ ಹೋಗಬಹುದು? ನನ್ನ ಅಂದಾಜಿನಲ್ಲಿ ವರ್ಗವಿದ್ದ ಮನೆಗೆ ಆರು ಏಳು ತಲೆ, ಒಕ್ಕಲು ಮನೆಗೆ ನಾಲ್ಕು ಐದು ತಲೆಯವರೆಗೆ ಹೆಸರು ಸಹಿತ ನಂಬಿಕೆಯಿಂದ ಬರೆಯಬಹುದು. ಅದರಾಚೆ ಸಿಗುವುದು ಮನುಷ್ಯರ ಹೆಸರಲ್ಲ, ಸ್ಥಳದ ಹೆಸರು: ಬಾರಕೂರಿನಿಂದ ಬಂದವರು, ಘಟ್ಟ ಇಳಿದು ಬಂದವರು, ಏಳು ಅಕ್ಕತಂಗಿಯರಲ್ಲಿ ಒಬ್ಬಳ ಸಂತತಿ ಎಂಬ ಮಾತುಗಳು. ಏಳು ಅಕ್ಕತಂಗಿಯರ ಕಥೆ ಬಹಳ ಮನೆಗಳಲ್ಲಿದೆ, ಅದನ್ನು ಎಣಿಕೆಯಾಗಿ ತೆಗೆದುಕೊಳ್ಳದೆ ಹಲವು ಕವಲುಗಳಿದ್ದವು ಎಂಬಷ್ಟಕ್ಕೆ ತೆಗೆದುಕೊಳ್ಳಬೇಕು.

ಇಂದು ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ದೃಢಪತ್ರವನ್ನೇ ಕೆಲವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಖಾತೆ ಬದಲಾವಣೆಗೆ ಬೇಕಾದ ವಾರಸುದಾರರ ಪಟ್ಟಿ ಅದು, ಮೇಲಕ್ಕೆ ಏರುವುದಿಲ್ಲ. ಮನೆಯ ವಂಶಾವಳಿಯನ್ನು ಪ್ರತ್ಯೇಕವಾಗಿ ಬರೆಯಬೇಕು, ಅದರಲ್ಲಿ ತಾಯಿಯ ಸಾಲು ಮತ್ತು ತಂದೆಯ ಸಾಲು ಎರಡೂ ಇರಬೇಕು. ಪ್ರತಿಯೊಬ್ಬರಿಗೂ ಬರಿ, ಹುಟ್ಟಿದ ಮನೆ, ಸೇರಿದ ಮನೆ, ತನು ಹಾಕುವ ಬನ, ಕಾಗದದಲ್ಲಿರುವ ಹೆಸರು ಮತ್ತು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಇಷ್ಟನ್ನು ಬರೆದು, ಯಾರು ಹೇಳಿದ್ದು ಅಥವಾ ಯಾವ ಕಾಗದದಿಂದ ಎಂದು ಪಕ್ಕದಲ್ಲಿ ಗುರುತು ಹಾಕಬೇಕು. ಅಜ್ಜಿಯಂದಿರ ಮಾತನ್ನು ತುಳುವಿನಲ್ಲೇ ಮೊಬೈಲಿಗೆ ಹಿಡಿಯಬೇಕು. ಕನ್ನಡಕ್ಕೆ ತಿರುಗಿಸಿ ಬರೆಯುವಾಗ ಅಜ್ಜಿಯ ಅಕ್ಕನೂ ತಂಗಿಯೂ ಒಬ್ಬಳೇ ಆಗಿಬಿಡುವುದುಂಟು. ರೆವಿನ್ಯೂ ಇಲಾಖೆ ಭೂ ಸುರಕ್ಷಾ ಯೋಜನೆಯಡಿ 2024ರಿಂದ ತಾಲೂಕುಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನು ಮಾಡಿಸುತ್ತಿದೆ. ಗ್ರಾಮ ಮರ್ಣೆ ಎಂದು ಬರೆದು, ಸರ್ವೆ ನಂಬ್ರ ಮತ್ತು ಡಿಕ್ಲರೇಶನ್ ಕೊಟ್ಟವರ ಹೆಸರು ಹಾಕಿ ಅರ್ಜಿ ಕೊಟ್ಟರೆ ಹೇಳಿಕೆ, ಸಾಕ್ಷ್ಯ ಎಲ್ಲವೂ ಸೇರಿದ ಪೂರ್ತಿ ಕಡತದ ನಕಲು ಕೇಳಬಹುದು. ಆದೇಶದ ಒಂದು ಹಾಳೆ ತೆಗೆದುಕೊಂಡು ಮರಳಬೇಡಿ, ಅಜ್ಜ ಹೇಳಿದ ಮಾತು ಇರುವುದು ಒಳಗಿನ ಹಾಳೆಗಳಲ್ಲಿ.